ಒಂದು ಬಟ್ಟಲು ತೌಡಿನ ಮಗಳು

ಬೆಳ್ಳಿಯ ಓಲೆಗಳು ಜಿಪಾರಳ ಅಂಗೈಯಿಂದ ಹುಡುಗಿಯ ಕಿವಿಗೆ ಇನ್ನೇನು ಹೋಗಬೇಕು, ಅಷ್ಟರಲ್ಲಿ ಬಾಗಿಲಿಗೆದುರಾಗಿ ಗೌರವದ ಜಾಗದಲ್ಲಿ ಕೂತಿದ್ದ ಕಾಲಿಚಾ ಮುದುಕಿ ಚಹಾದ ಬಟ್ಟಲು ಕೆಳಗಿಟ್ಟು ಕೈ ಎತ್ತಿದಳು.

“ನಿಲ್ಸೇ ಸೊಸೆ. ಆ ಓಲೆ ಹಾಕೋ ಹಾಗಿಲ್ಲ.”

ಜಿಪಾರ್ ಗಂಡಿನ ತಾಯಿ. ಮಗ ಎಲ್ದಿಯಾರನಿಗೆ ಪಕ್ಕದ ಮನೆಯ ಹುಡುಗಿಯನ್ನು ಓಲೆ ಹಾಕಿ ಗೊತ್ತುಮಾಡಲೆಂದು ಅತ್ತೆಯನ್ನೂ ನಾಲ್ಕು ಜನ ಹೆಂಗಸರನ್ನೂ ಹೊರಡಿಸಿಕೊಂಡು, ತಲೆಗೆ ಹೊಸ ರುಮಾಲು ಕಟ್ಟಿಕೊಂಡು ಬಂದಿದ್ದಳು. “ಯಾಕತ್ತೆ? ಈಗೇನಾಯ್ತು?” ಎಂದಳು.

“ಹುಡುಗಿ ನಮ್ಮನೇದು. ನಾನು ಕೊಂಡ್ಕೊಂಡಿರೋ ಮಗಳು. ನನ್ನ ಮಗಳು ಅಂದ್ಮೇಲೆ ನಿನ್ನ ಗಂಡನಿಗೆ ತಂಗಿ, ನಿನ್ನ ಮಗನಿಗೆ ಸೋದರತ್ತೆ. ಏಳು ತಲೆಮಾರು ಬಿಟ್ಟು ಹೆಣ್ಣು ತರೋ ಜನ ನಾವು. ಅತ್ತೇನೇ ತಂದು ಹೆಂಡ್ತಿ ಮಾಡ್ಕೊಳೋಕಾಗುತ್ತಾ?”

ಹೆಂಗಸರು ಮೊದಲು ನಕ್ಕರು. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು. ಆದರೆ ಮುದುಕಿ ನಗಲಿಲ್ಲ. “ನಗ್ಬೇಡಿ. ತೌಡು ಅಳೆದು ಕೊಟ್ಟು ತಗೊಂಡಿದೀನಿ. ಬೇಕಾದ್ರೆ ಅವಳನ್ನೇ ಕೇಳಿ. ಏ ಬುರುಲ್ಚಾ, ಹೇಳೇ. ಈ ಹುಡುಗಿ ಯಾರ ಮಗಳು?”

ಎಲ್ಲರ ಕಣ್ಣೂ ಬುರುಲ್ಚಾಳ ಮೇಲೆ ಬಿದ್ದವು. ಹುಡುಗಿಯನ್ನು ಹೆತ್ತ ಅವಳು ಸಮೋವರಿನ ಪಕ್ಕದಲ್ಲಿ ಮಂಡಿಯೂರಿ ಚಹಾ ಬಗ್ಗಿಸುತ್ತಿದ್ದಳು. ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಗೆ ಅವಳ ಬಾಯಲ್ಲಿದ್ದದ್ದು ಒಂದೇ ಉತ್ತರ. ಆ ಉತ್ತರ ಕೇಳದ ಕಿವಿ ಊರಲ್ಲೇ ಇರಲಿಲ್ಲ. ರೂಢಿಗೆ ಬಿದ್ದ ನಾಲಿಗೆ ಯೋಚಿಸುವುದಿಲ್ಲ. “ನಿಮ್ಮ ಮಗಳೇ ಅಪಾ” ಎಂದು, ಹಿರಿಯಳನ್ನು ಕರೆಯುವ ಮರ್ಯಾದೆಯೊಂದಿಗೇ ಹೇಳಿಬಿಟ್ಟಳು. ಏನು ಹೇಳಿದೆನೆಂದು ತಿಳಿದದ್ದು ಹೇಳಿದ ಮೇಲೆಯೇ.

ಜಿಪಾರ್ ಓಲೆಗಳನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿದಳು. ಹುಡುಗಿ ಎದ್ದು ಹೊರಗೆ ಹೋದಳು. ತಟ್ಟೆ ತುಂಬ ಇದ್ದ ಕರಿದ ಹಿಟ್ಟಿನ ಬೂರ್ಸೋಕುಗಳನ್ನು ಯಾರೂ ಮುಟ್ಟಲಿಲ್ಲ.

ಈ ಗೋಜಲಿನ ಬೇರು ಹುಡುಗಿಯ ಹೆಸರಲ್ಲೇ ಇದೆ. ಅವಳ ಹೆಸರು ಸಾತಿಲ್ಗಾನ್. ಮಾರಾಟವಾದವಳು ಎಂದರ್ಥ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೂವಿನ ಹೆಸರಿಡುತ್ತಾರೆ, ಚಂದ್ರನ ಹೆಸರಿಡುತ್ತಾರೆ, ಇಲ್ಲವೆಂದಲ್ಲ. ಅದು ಭಯವಿಲ್ಲದ ಮನೆಗಳ ಸಂಗತಿ. ಬುರುಲ್ಚಾಳನ್ನೇ ನೋಡಿ. ಅವಳ ಹೆಸರಿಗೆ ‘ತಿರುಗು’ ಎಂದರ್ಥ. ಸಾಲಾಗಿ ಹೆಣ್ಣು ಹುಟ್ಟಿ ಬೇಸತ್ತ ಅವಳಪ್ಪ, ಇನ್ನಾದರೂ ಗಂಡಿನ ಕಡೆ ತಿರುಗಲಿ ಎಂದು ದೇವರಿಗೆ ಕೊಟ್ಟ ಸೂಚನೆ ಅದು. ದೇವರು ತಿರುಗಲಿಲ್ಲ, ಅವಳ ಬೆನ್ನಿಗೆ ಇನ್ನೊಂದು ಹೆಣ್ಣೇ ಬಂತು. ನಮ್ಮ ಹೆಸರುಗಳಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಇಟ್ಟವಲ್ಲ. ಮೇಲಿರುವವನ ಜೊತೆ ದೊಡ್ಡವರು ಆಡಿದ ಜಗಳ ಅವು. ಹೊರುವವರು ಮಾತ್ರ ಮಕ್ಕಳು.

ಸಾತಿಲ್ಗಾನಳಿಗಿಂತ ಮುಂಚೆ ಬುರುಲ್ಚಾ ಮೂರು ಹೆತ್ತು ಮೂರನ್ನೂ ಗಿರಣಿ ಕಾಲುವೆಯಾಚೆಯ ದಿಬ್ಬದಲ್ಲಿ ಮಲಗಿಸಿ ಬಂದಿದ್ದಳು. ಮೊದಲನೆಯದಕ್ಕೆ ಆಗಲೇ ಹಲ್ಲು ಬಂದಿತ್ತು. ಮೂರನೆಯದಕ್ಕೆ ಹೆಸರು ಕೂಗುವಷ್ಟು ಪುರುಸೊತ್ತೂ ಸಿಗಲಿಲ್ಲ. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಊರಿನ ಮುದುಕಿಯರೆಲ್ಲ ಕೂತು ಒಂದೇ ಮಾತು ಹೇಳಿದರು. “ಈ ಸಲ ಮಾರಿಬಿಡು.”

ಸಾವಿಗೆ ಕಣ್ಣು ಚುರುಕು, ಬುದ್ಧಿ ಮಾತ್ರ ಮಂದ ಎಂದು ನಮ್ಮ ಹಿರಿಯರ ನಂಬಿಕೆ. ಮಗುವನ್ನು ಬಾಗಿಲಿಂದ ತೆಗೆದುಕೊಂಡು ಹೋದರೆ ಅದು ನೋಡುತ್ತದೆ. ಕಿಟಕಿಯಿಂದ ದಾಟಿಸಿದರೆ ತಬ್ಬಿಬ್ಬಾಗುತ್ತದೆ. ಹಾಗೆ ದಾಟಿಸಿ, ಮಕ್ಕಳು ಉಳಿದಿರುವ ಮನೆಗೆ ಮಾರಬೇಕು. ಕಾಲಿಚಾ ಹೆತ್ತ ಏಳೂ ಕಲ್ಲಿನಂತೆ ಗಟ್ಟಿಯಾಗಿದ್ದವು. ಅವಳ ಗಂಡನ ಕಡೆಯವರು ಬೆಟ್ಟದಾಚೆಯಿಂದ ಬಂದ ಬೇರೆ ಕುಲದವರು, ಹಾಗಾಗಿ ವ್ಯಾಪಾರದಲ್ಲಿ ಒಳಸಂಬಂಧದ ವಾಸನೆಯೂ ಇರಲಿಲ್ಲ. ಬೆಲೆ ಒಂದು ಮರದ ಬಟ್ಟಲು ಗೋಧಿ ತೌಡು. ಅದಕ್ಕಿಂತ ಹೆಚ್ಚು ಕೊಟ್ಟರೆ ಮಗುವಿಗೆ ಬೆಲೆಯಿದೆ ಎಂಬುದು ಸಾವಿಗೆ ಗೊತ್ತಾಗಿಬಿಡುತ್ತದಲ್ಲ. ನಲವತ್ತು ದಿನ ಕಳೆದ ಮೇಲೆ ತಾಯಿ ಅದೇ ತೌಡನ್ನು ವಾಪಸು ಹೊತ್ತು ಹೋಗಿ ಮಗುವನ್ನು ಕೊಂಡು ತರಬೇಕು. ಹೀಗೆ ಮಾರಿ ಕೊಂಡ ಮಕ್ಕಳು ಊರಲ್ಲಿ ಇನ್ನೂ ಇದ್ದಾರೆ. ಒಬ್ಬ ಈಗ ಪೊಲೀಸು. ಅವನನ್ನು ಕೊಂಡದ್ದು ದುಬಾರಿಯಾಯಿತು ಎಂದು ಜನ ಗೊಣಗುತ್ತಾರೆ.

ನಲವತ್ತನೆಯ ದಿನ ಬುರುಲ್ಚಾ ಬಟ್ಟಲು ಹಿಡಿದು ಹೊರಟಿದ್ದಳು. ಅಂಗಳದ ಗೇಟು ದಾಟುವಾಗ ದಿಬ್ಬ ಕಣ್ಣಿಗೆ ಬಿತ್ತು. ಕೊಂಡರೆ ಮಗು ನನ್ನದಾಗುತ್ತದೆ, ನನ್ನದಾದದ್ದು ಯಾವುದು ಉಳಿದಿದೆ ಎಂದು ಅವಳಿಗೆ ಅನಿಸಿತು. ಅನಿಸಿದ್ದೇ ತಡ, ಕಾಲು ಮುಂದೆ ಹೋಗಲಿಲ್ಲ. ಹಿಂದಿರುಗಿ ತೌಡನ್ನು ತಗಡಿನ ಡಬ್ಬಕ್ಕೆ ಸುರಿದು ಮುಚ್ಚಿಟ್ಟಳು. ಬರಿಗೈಯಲ್ಲಿ ಕಾಲಿಚಾಳ ಮನೆಗೆ ಹೋಗಿ, “ಅಪಾ, ಮಗು ನಿಮ್ಮದೇ ಆಗಿರ್ಲಿ. ನಾನು ಹಾಲು ಕುಡಿಸೋ ಆಳು ಅಂದ್ಕೊಳಿ. ಸಾಕಿ ಕೊಡ್ತೀನಿ” ಎಂದಳು.

ಕಾಲಿಚಾ ನಕ್ಕಿದ್ದಳು. “ಸರಿ ಬಿಡು. ಸಂಬಳ ಗಿಂಬಳ ಅಂತ ಕೇಳ್ಬೇಡ ಮತ್ತೆ.”

ಇವತ್ತಲ್ಲ ನಾಳೆ ಬರುತ್ತಾಳೆ ಎಂದು ಕಾಲಿಚಾ ತಿಳಿದಿದ್ದಳು. ಬುರುಲ್ಚಾ ಬರಲಿಲ್ಲ. ಮಗುವಿಗೆ ಜ್ವರ ಬಂದರೆ ಔಷಧಕ್ಕಿಂತ ಮುಂಚೆ ಅವಳು ಬಾಗಿಲಿಗೆ ಓಡುತ್ತಿದ್ದಳು. ದಿಬ್ಬದ ಕಡೆ ಮುಖಮಾಡಿ, “ನಮ್ದಲ್ಲ! ಪಕ್ಕದ ಮನೇದು! ನಮ್ಮನೇಲಿ ಮಕ್ಕಳೇ ಇಲ್ಲ!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಶಾಲೆಯ ಮೇಷ್ಟ್ರಿಗೂ ಅದೇ ಮಾತು, ಮದುವೆಮನೆಯಲ್ಲೂ ಅದೇ ಮಾತು. ಅಂಗಳದಲ್ಲಿ ಒಮ್ಮೆಯೂ ಮಗುವಿಗೆ ಮುತ್ತು ಕೊಡಲಿಲ್ಲ. ‘ಏ ತೌಡಿನವಳೇ’ ಎಂದು ಕರೆದಳೇ ಹೊರತು ಮಗಳೇ ಎನ್ನಲಿಲ್ಲ. ಹುಡುಗಿ ಕಾಲಿಚಾಳನ್ನು ಅಮ್ಮ ಎಂದೂ ಹೆತ್ತವಳನ್ನು ಅಕ್ಕ ಎಂದೂ ಕರೆಯುತ್ತ ಬೆಳೆದಳು. ಗಂಡ ಮಾಮಿತ್ ಮಾತ್ರ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋದಾಗ, ದಿಬ್ಬ ಕಣ್ಮರೆಯಾದ ಮೇಲೆ, ಮೆಲ್ಲಗೆ ‘ಮಗಳೇ’ ಎನ್ನುತ್ತಿದ್ದ. ಅದು ಕಿವಿಗೆ ಬಿದ್ದ ದಿನ ಬುರುಲ್ಚಾ ಸೌಟು ತೆಗೆದುಕೊಂಡು ಅವನ ಬೆನ್ನಿಗೆ ಬಾರಿಸಿದ್ದಳು.

ಇದೆಲ್ಲ ಯಾಕೆಂದು ಹುಡುಗಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಊರೇ ಹೇಳಿತ್ತು. ಆದರೆ ಕಾರಣ ಗೊತ್ತಾದ ಮಾತ್ರಕ್ಕೆ ಹೊಟ್ಟೆ ತುಂಬುತ್ತದೆಯೇ?

ಓಲೆ ವಾಪಸು ಹೋದ ಮೇಲೆ ಕುದುರೆ ತಡಿಯ ಪಟ್ಟಿ ಹೊಲಿಯುತ್ತ ಕೂತಿದ್ದ ಮಾಮಿತ್, “ನಾನೇನು ಹೇಳ್ಲಿ. ನಾನೂ ಪಕ್ಕದ ಮನೆ ಹುಡುಗೀಗೆ ಇಪ್ಪತ್ತು ವರ್ಷ ಅನ್ನ ಹಾಕಿದವನು ಅಷ್ಟೆ” ಎಂದ. ಬುರುಲ್ಚಾಗೆ ಅದು ಗಾಯದ ಮೇಲೆ ಉಪ್ಪು ಸವರಿದಂತಾಯಿತು. ಅವಳು ರುಮಾಲು ಬಿಗಿದುಕೊಂಡು ಕಾಲಿಚಾಳ ಮನೆಗೆ ಹೋದಳು.

ಮುದುಕಿ ಒಲೆಯ ಪಕ್ಕದಲ್ಲಿ ಉಣ್ಣೆ ಹಿಂಜುತ್ತಿದ್ದಳು. ಎಲ್ದಿಯಾರ್ ಬಾಗಿಲಲ್ಲಿ ಕೂತು ಬೂಟಿಗೆ ಎಣ್ಣೆ ತಿಕ್ಕುತ್ತಿದ್ದ. ಎತ್ತರದ, ನಗುಮುಖದ ಹುಡುಗ. ಬುರುಲ್ಚಾಳನ್ನು ಕಂಡು ಎದ್ದು ನಿಂತ.

“ಅಪಾ, ಯಾಕೆ ಹೀಗೆ ಮಾಡಿದ್ರಿ? ಮಕ್ಕಳಿಬ್ಬರೂ ಒಪ್ಪಿದ್ದಾರೆ. ನಿಮ್ಗೂ ಇಷ್ಟ ಇತ್ತಲ್ಲ?”

“ಇಷ್ಟ ಈಗಲೂ ಇದೆ. ಇಂಥ ಹುಡುಗಿ ಹುಡುಕಿದ್ರೂ ಸಿಗಲ್ಲ. ಆದ್ರೆ ನನ್ನ ಮಗಳನ್ನ ನನ್ನ ಮೊಮ್ಮಗನಿಗೆ ಕೊಡಲ್ಲ. ಬೇಕಿದ್ರೆ ಬಂದು ಕೊಂಡ್ಕೊ. ತೌಡು ತಗೊಂಡು ಬಾ, ನಾಲ್ಕು ಜನರ ಮುಂದೆ ಬಾಯಿಬಿಟ್ಟು ನನ್ನ ಮಗಳು ಅನ್ನು. ಆಮೇಲೆ ಅವಳು ನಿನ್ನ ಮನೆ ಹುಡುಗಿ, ನಾವು ಬಂದು ಕೇಳ್ತೀವಿ.”

ಬುರುಲ್ಚಾಗೆ ಅತ್ತ ದರಿ ಇತ್ತ ಪುಲಿ. ಕೊಳ್ಳದಿದ್ದರೆ ಮಗಳ ಬಾಳು ಕೆಡುತ್ತದೆ, ಕೊಂಡರೆ ಮಗಳೇ ಹೋಗುತ್ತಾಳೆ. ಹೆದರಿದವರ ತಲೆಗೆ ವಿಚಿತ್ರ ಉಪಾಯಗಳು ಹೊಳೆಯುತ್ತವೆ, ಅವಳಿಗೂ ಹೊಳೆಯಿತು.

“ಅಪಾ, ಒಂದ್ಕೆಲಸ ಮಾಡೋಣ. ಅವಳು ನಿಮ್ಮವಳಾಗೇ ಇರ್ಲಿ. ಎಲ್ದಿಯಾರನ್ನ ಮಾರಿಬಿಡಿ.”

“ಏನಂದೆ?”

“ಗಿರಣಿಯವನಿಗೆ ಮಾರಿಬಿಡಿ. ಅವನ ಮನೇಲೂ ಮಕ್ಕಳೆಲ್ಲ ಚೆನ್ನಾಗಿದ್ದಾರೆ. ಎಲ್ದಿಯಾರ್ ಅವನ ಮಗ ಅಂತಾದ್ರೆ ಬೇರೆ ಮನೆಯವನಾಗ್ತಾನಲ್ಲ. ತೌಡು ನಾನೇ ಕೊಡ್ತೀನಿ.”

ಕಾಲಿಚಾ ಒಂದು ಗಳಿಗೆ ಅವಳನ್ನೇ ನೋಡಿ, ಆಮೇಲೆ ಉಣ್ಣೆಯ ರಾಶಿಯ ಮೇಲೆ ಉರುಳಿ ಉರುಳಿ ನಕ್ಕಳು. ಎಲ್ದಿಯಾರನೂ ನಕ್ಕ. “ಮಾರೋದಾದ್ರೆ ಕುದುರೆ ಸಮೇತ ಮಾರಜ್ಜಿ. ಗಿರಣಿಯವನು ನನ್ನ ಕೈಲಿ ಮೂಟೆ ಹೊರಿಸ್ತಾನೆ, ಕುದುರೆನಾದ್ರೂ ಇರ್ಲಿ.”

ನಗದೆ ಇದ್ದವಳು ಒಬ್ಬಳೇ. ನೀರಿನ ಬಿಂದಿಗೆ ಹಿಡಿದು ಬಾಗಿಲಾಚೆ ನಿಂತಿದ್ದ ಸಾತಿಲ್ಗಾನ್. ದಿನವೂ ಬೆಳಿಗ್ಗೆ ಈ ಮನೆಗೆ ನೀರು ತಂದಿಡುವವಳೂ ಅವಳೇ, ಮುದುಕಿಯ ಜಡೆ ಹೆಣೆಯುವವಳೂ ಅವಳೇ. ಅವಳು ಬಿಂದಿಗೆಯನ್ನು ನೆಲಕ್ಕೆ ಇಟ್ಟ ರಭಸಕ್ಕೆ ಅರ್ಧ ನೀರು ಹೊರಚೆಲ್ಲಿತು.

“ಅಕ್ಕಾ, ಅವನನ್ನ ಮಾರಿಸ್ತೀಯ. ಬೇಕಾದ್ರೆ ಊರನ್ನೇ ಮಾರಿಸ್ತೀಯ. ‘ನನ್ನ ಮಗಳು’ ಅನ್ನೋ ಎರಡು ಮಾತು ಮಾತ್ರ ನಿನ್ನ ಬಾಯಿಂದ ಬರಲ್ಲ, ಅಲ್ವಾ?”

“ನಿನ್ನ ಒಳ್ಳೇದಕ್ಕೇ ಕಣೇ, ನಿಂಗೇನಾದ್ರೂ ಆದ್ರೆ...”

“ಆಗ್ಲಿ! ಆಗೋದಾಗ್ಲಿ! ಜ್ವರ ಬಂದು ಮೈ ಸುಡ್ತಾ ಇದ್ರೆ ನಮ್ದಲ್ಲ ನಮ್ದಲ್ಲ ಅಂತ ಕೂಗ್ತಿದ್ದೆ. ನಾನು ಕಂಬಳಿ ಒಳಗೆ ಕೇಳಿಸ್ಕೊಂಡು ಮಲಗಿರ್ತಿದ್ದೆ. ಸಾವು ಮೋಸ ಹೋಯ್ತೋ ಇಲ್ವೋ ನಂಗೊತ್ತಿಲ್ಲ. ನಾನಂತೂ ನಂಬ್ಬಿಟ್ಟಿದ್ದೆ.”

ಅವಳು ಹೋದಳು. ಎಲ್ದಿಯಾರ್ ಬೂಟು ಅಲ್ಲೇ ಬಿಟ್ಟು ಬರಿಗಾಲಲ್ಲಿ ಅವಳ ಹಿಂದೆ ಓಡಿದ. ನಗು ನಿಂತ ಕೋಣೆಯಲ್ಲಿ ಇಬ್ಬರು ಹೆಂಗಸರೇ ಉಳಿದರು.

“ನಾನು ಇಪ್ಪತ್ತು ವರ್ಷ ಕಾದೆ ಬುರುಲ್ಚಾ” ಎಂದಳು ಕಾಲಿಚಾ. “ಅವಳು ಅಮ್ಮಾ ಅಂದಾಗೆಲ್ಲ ಸುಖವಾಗ್ತಿತ್ತು, ಸುಳ್ಳು ಹೇಳಲ್ಲ. ಕದ್ದ ಸುಖ ಅದು. ನನ್ನ ಕಾಲು ಊದ್ಕೊಂಡಿರೋದು ನೋಡು. ನಾಳೆ ನಾನು ಸತ್ರೆ ಯಾರ ಹತ್ರ ಹೋಗಿ ಕೊಳ್ತೀಯ? ಕೊಳ್ಳೋದಿದ್ರೆ ಈಗ ಕೊಳ್ಳು. ಅದಕ್ಕೇ ಓಲೆ ತಡೆದದ್ದು.”

ಬುರುಲ್ಚಾ ಮನೆಗೆ ಬಂದು ಉಗ್ರಾಣದಲ್ಲಿ ಕೂತು ಡಬ್ಬ ತೆಗೆದಳು. ಮುಚ್ಚಳ ತುಕ್ಕು ಹಿಡಿದು ಕೂತುಬಿಟ್ಟಿತ್ತು, ಚಾಕುವಿನಿಂದ ಮೀಟಬೇಕಾಯಿತು. ತೌಡಿಗೆ ಹುಳ ಹತ್ತಿ, ಹುಳವೂ ಸತ್ತು, ಬೂದಿಯಂಥ ಪುಡಿ ಉಳಿದಿತ್ತು. ಅದನ್ನು ನೋಡಿ ಅವಳು ಅತ್ತಳು. ಸತ್ತ ಮೂರಕ್ಕೆ ಅತ್ತದ್ದೆಷ್ಟೋ. ಬದುಕಿದ್ದ ಮಗುವಿಗಾಗಿ ಇದೇ ಮೊದಲ ಸಲ. ಆ ಮಗುವಿನ ಮೊದಲ ಹೆಜ್ಜೆ, ಮೊದಲ ಜಡೆ, ಶಾಲೆಯಲ್ಲಿ ಹಾಡಿದ ಹಾಡು, ಎಲ್ಲವನ್ನೂ ಅವಳು ಕಳ್ಳಿಯ ಹಾಗೆ ಓರೆಗಣ್ಣಲ್ಲಿ ನೋಡಿದ್ದಳು.

ಮರುದಿನ ಬೆಳಿಗ್ಗೆ ಕಾಲಿಚಾಳ ಅಂಗಳದಲ್ಲಿ ಕಂಬಳಿಯ ಕೆಲಸ ನಡೆದಿತ್ತು. ಬಡಿದ ಉಣ್ಣೆಯನ್ನು ಚಾಪೆಯ ಮೇಲೆ ಹರಡಿ, ಕುದಿನೀರು ಹೊಯ್ದು, ಸುತ್ತಿ ಉರುಳಿಸಲು ಓಣಿಯ ಹೆಂಗಸರೆಲ್ಲ ಸೇರಿದ್ದರು. ಸಾತಿಲ್ಗಾನ್ ನಸುಕಿನಿಂದ ಉಣ್ಣೆ ಬಡಿದು ಬಡಿದು ಮೂಗು ಬಾಯಿಯೆಲ್ಲ ಧೂಳು ಮಾಡಿಕೊಂಡಿದ್ದಳು. ಬುರುಲ್ಚಾ ಬಟ್ಟಲು ಹಿಡಿದು ಗೇಟಿನಲ್ಲಿ ನಿಂತದ್ದು ಕಂಡು ಹೆಂಗಸರ ಕೈ ನಿಂತಿತು. ಕಾಲಿಚಾ ಎದ್ದು, ಹುಡುಗಿಯ ರಟ್ಟೆ ಹಿಡಿದು ಮನೆಯೊಳಗೆ ಎಳೆದುಕೊಂಡು ಹೋಗಿ, ಕಿಟಕಿ ತೆರೆದು ತಲೆ ಹೊರಹಾಕಿದಳು.

“ಏನಮ್ಮ, ಏನು ಬೇಕಿತ್ತು?”

ಬುರುಲ್ಚಾ ಕಿಟಕಿಯ ಕೆಳಗೆ ಬಂದಳು. “ಕೊಳ್ಳೋಕೆ ಬಂದೆ ಅಪಾ.”

“ಏನು ಕೊಳ್ತೀಯ? ಬೆಣ್ಣೆನಾ? ಮೊಸರಿನುಂಡೆನಾ?”

“ಹುಡುಗೀನ.”

“ಓ, ಇವಳನ್ನಾ? ಬೇಡ ಬಿಡು ತಾಯಿ. ಇವಳ ಮೂಗು ಸೊಟ್ಟ, ಮಾತು ಒರಟು. ನಿನ್ನೆ ಬಿಂದಿಗೆ ಕುಕ್ಕಿ ನನ್ನ ನೆಲ ಕೆಸರು ಮಾಡಿದ್ಲು. ಎಲ್ಲಿ, ಏನು ತಂದಿದೀಯ ತೋರ್ಸು.” ಮುದುಕಿ ಬಟ್ಟಲಿಗೆ ಬೆರಳದ್ದಿ ಮೂಗಿಗೆ ಹಿಡಿದಳು. “ಅಯ್ಯಯ್ಯೋ, ನಾನು ಕೊಟ್ಟಿದ್ದು ಹೊಸ ತೌಡು ಕಣೇ! ಇದನ್ನ ನಾಯಿನೂ ಮೂಸಲ್ಲ!”

“ನೀವು ಕೊಟ್ಟಿದ್ದೇ ಅಪಾ. ಬದಲಾಯಿಸಿಲ್ಲ.”

ಹೆಂಗಸರು ಕಿಸಕ್ಕೆಂದರು. ಕಾಲಿಚಾ ಅವರತ್ತ ಕಣ್ಣು ಬಿಟ್ಟು ಸುಮ್ಮನಿರಿಸಿದಳು. ಆಟ ಅಲ್ಲಿಗೆ ಮುಗಿದಿತ್ತು. “ಸೊಟ್ಟಮೂಗಿನ ಇವಳು ನಿನಗ್ಯಾಕೆ ಬುರುಲ್ಚಾ? ಯಾರಿವಳು ನಿನಗೆ?”

ಬುರುಲ್ಚಾ ಬಾಯಿ ತೆರೆದಳು. ತೆರೆದವಳು ಕಿಟಕಿಗೆ ಬೆನ್ನು ಮಾಡಿ ತಿರುಗಿ ನಿಂತಳು. ಎದುರಿಗೆ ಕಾಲುವೆಯಾಚೆ ದಿಬ್ಬ, ದಿಬ್ಬದ ಮೇಲೆ ಒಣಗಿದ ಹುಲ್ಲು, ಹುಲ್ಲಿನ ನಡುವೆ ಮೂರು ಪುಟ್ಟ ಏರುಗಳು ಕಾಣುತ್ತಿದ್ದವು. ಹಿಂದೆ ಕಿಟಕಿಯಲ್ಲಿ ಹುಡುಗಿಯ ಉಸಿರು ಕೇಳುತ್ತಿತ್ತು. ಅವಳು ಏನನ್ನೂ ಬೇಡುತ್ತಿರಲಿಲ್ಲ, ಕಾಯುತ್ತಲೂ ಇರಲಿಲ್ಲವೇನೋ. ಬುರುಲ್ಚಾಗೆ ಎದೆ ಕಿತ್ತುಬಂದದ್ದು ಅದಕ್ಕೇ. ಅವಳು ದಿಬ್ಬದ ಕಡೆ ಮುಖ ಮಾಡಿಯೇ, ಜ್ವರದ ದಿನಗಳಲ್ಲಿ ಕೂಗುತ್ತಿದ್ದ ಅದೇ ಗಂಟಲಲ್ಲಿ ಕೂಗಿದಳು.

“ನನ್ನ ಮಗಳು! ನಾನು ಹೆತ್ತವಳು! ನನ್ನ ಮಗಳು!”

ಗಿರಣಿಯ ನಾಯಿ ಬೊಗಳಿತು. ಕಾಲಿಚಾ ಕಣ್ಣೊರೆಸಿಕೊಂಡು, “ಹೆತ್ತೋರಿಗೆ ಹೆಗ್ಗಣ ಮುದ್ದು. ತಗೋ, ಸಾಕ್ಕೋ” ಎಂದು ಬಟ್ಟಲು ಒಳಗೆಳೆದುಕೊಂಡಳು.

ಹೋಗಿದ್ದು ಕಿಟಕಿಯಿಂದ, ಬರುವುದೂ ಕಿಟಕಿಯಿಂದಲೇ. ಆಗ ಅಂಗೈಯಷ್ಟಿದ್ದ ಮಗು ಈಗ ಇಪ್ಪತ್ತರ ಹುಡುಗಿ. ತಲೆ ಬಂತು, ಭುಜ ಬಂತು, ಸೊಂಟ ಚೌಕಟ್ಟಿಗೆ ಸಿಕ್ಕಿಕೊಂಡಿತು. “ಸ್ವಲ್ಪ ಕಡಿಮೆ ತಿನ್ನಿಸ್ಬೇಕಿತ್ತು!” ಎಂದು ಯಾರೋ ಕೂಗಿದರು. ಕಾಲಿಚಾ ಹಿಂದಿನಿಂದ ತಳ್ಳಿದಳು, ಇಬ್ಬರು ಮುಂದಿನಿಂದ ಎಳೆದರು. ಎಲ್ದಿಯಾರ್ ಸಹಾಯಕ್ಕೆ ಬಂದರೆ ಹೆಂಗಸರು, “ದೂರ ನಿಲ್ಲೋ, ಅವಳೀಗ ಪರರ ಮನೆ ಹುಡುಗಿ!” ಎಂದು ಅಟ್ಟಿದರು. ಕೊನೆಗೆ ಸಾತಿಲ್ಗಾನ್ ಬುರುಲ್ಚಾಳ ಮೇಲೆಯೇ ಬಿದ್ದಳು. ತಾಯಿ ಮಗಳು ಇಬ್ಬರೂ ಒದ್ದೆ ಉಣ್ಣೆಯ ಮೇಲೆ ಉರುಳಿದರು. ಬುರುಲ್ಚಾ ತಬ್ಬಿದ ಕೈ ಸಡಿಲಿಸಲಿಲ್ಲ. ಅಂಗಳದಲ್ಲಿ, ಎಲ್ಲರೆದುರು, ಧೂಳು ಹಿಡಿದ ಆ ಹಣೆಗೆ ಮುತ್ತು ಕೊಟ್ಟಳು.

ಜಿಪಾರ್ ನಾಳೆಯೇ ಓಲೆ ತರುವುದಾಗಿ ಹೇಳಿದಳು. ಇದೂ ನಮ್ಮ ಬಾಳಿನ ತಮಾಷೆಯೇ. ಬೆಳಿಗ್ಗೆ ಕೊಂಡು ತಂದ ಮಗಳನ್ನು ನಾಳೆ ಅದೇ ಮನೆಗೆ ಕೊಡಬೇಕು.

ಎರಡು ಮನೆಗಳ ನಡುವಿನ ಆ ನಾಲ್ಕು ಮಾರು ದಾರಿಯಲ್ಲಿ ತಾಯಿ ಮಗಳು ಕೈಹಿಡಿದು ನಡೆದರು. ಮನೆಯಲ್ಲಿ ಮಾಮಿತ್ ಸಮೋವರ್ ಹೊತ್ತಿಸಿಟ್ಟಿದ್ದ. ಹೆಂಡತಿಯ ಕಣ್ಣೆದುರೇ ನೆಟ್ಟಗೆ ನಿಂತು, “ಬಾ ಮಗಳೇ” ಎಂದ. ಈ ಸಲ ಸೌಟು ಏಳಲಿಲ್ಲ.

“ಹಾಲು ಹಾಕ್ಲಾ ಅಕ್ಕಾ?” ಎಂದಳು ಸಾತಿಲ್ಗಾನ್ ಚಹಾ ಬಗ್ಗಿಸುತ್ತ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

“ಹಾಕು” ಎಂದಳು ಬುರುಲ್ಚಾ. “ಅಕ್ಕ ಅಂದ್ರೂ ಪರವಾಗಿಲ್ಲ. ನಿಧಾನಕ್ಕೆ ಬರುತ್ತೆ.”

ಹುಡುಗಿ ನಕ್ಕಳು. ನಗುತ್ತಿದ್ದವಳು ಕೆಮ್ಮಿದಳು. ಬಟ್ಟಲು ಕೆಳಗಿಟ್ಟು, ಎದೆ ಹಿಡಿದುಕೊಂಡು ಮತ್ತೆ ಕೆಮ್ಮಿದಳು.

ಬುರುಲ್ಚಾ ಆಗಲೇ ಬಾಗಿಲ ಬಳಿ ಇದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿಲ್ಲ. ಕದ ತೆರೆದಿತ್ತು, ಎದುರಿಗೆ ದಿಬ್ಬವಿತ್ತು, ಕೂಗು ಗಂಟಲಿಗೆ ಬಂದು ನಿಂತಿತ್ತು. ಉಣ್ಣೆಯ ಧೂಳು ಅಷ್ಟೆ, ಬೆಳಗಿನಿಂದ ಬಡಿದಿದ್ದಾಳೆ ಎಂದು ತನಗೆ ತಾನೇ ಹೇಳಿಕೊಂಡಳು. ಹಿಂದಿನಿಂದ ಕೆಮ್ಮು ಇನ್ನೊಮ್ಮೆ ಕೇಳಿಸಿತು. ಹಿಂದೆ ಇಂಥ ಹೊತ್ತಿಗೆ ಅವಳ ಕೈಯಲ್ಲಿ ಒಂದು ಸುಳ್ಳಾದರೂ ಇರುತ್ತಿತ್ತು.

ಅವಳು ಕದ ಮುಚ್ಚಿ ಒಳಗೆ ಬಂದಳು. ಮಗಳ ಪಕ್ಕದಲ್ಲಿ ಕೂತು, ಬೆನ್ನು ಸವರುತ್ತ, ಎಲ್ಲ ತಾಯಂದಿರ ಹಾಗೆ ಸುಮ್ಮನೆ ಹೆದರಿದಳು.